ಹದಿನೇಳನೆಯ ಹೆಸರು

ಕಳೆದ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ ನಮ್ಮ ಕೊಡಗಿನ ಮಳೆ. ಪ್ರಯೋಗಾಲಯದಲ್ಲಿ ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ ನಾನು ಪ್ರನಾಳಗಳನ್ನು ತೊಳೆದಿಡುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಮೈಭಾರವನ್ನೆಲ್ಲ ಬಾಗಿಲ ಚೌಕಟ್ಟಿಗೆ ಕೊಟ್ಟಿದ್ದಳು. ಎಡಗಾಲು ನೆಲಕ್ಕೆ ತಾಗಿಯೂ ತಾಗದಂತಿತ್ತು.

"ಸಾರ್, ಲಿಸ್ಟ್ ಕಳಿಸಿಬಿಟ್ರಾ?"

"ಇನ್ನೂ ಇಲ್ಲಮ್ಮ. ಕಾಲಿಗೇನಾಯ್ತು?"

"ಏನೂ ಇಲ್ಲ ಸಾರ್. ನನ್ನ ಹೆಸರು ಇದೆಯಲ್ಲ?"

ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಹಾಗಾಗಿ ವಿಜ್ಞಾನ ಪಾಠ ಮಾಡುವ ನಾನೇ ಹಾಕಿ ತಂಡದ ಮ್ಯಾನೇಜರ್. ಚೆಂಡು, ನಿಂಬೆಹಣ್ಣು, ಬ್ಯಾಂಡೇಜು, ಬಸ್ಸಿನ ಚಿಲ್ಲರೆ ಎಲ್ಲವೂ ನನ್ನ ಚೀಲದಲ್ಲಿಯೇ. ಇವೆಲ್ಲಕ್ಕಿಂತ ಮುಖ್ಯವಾದದ್ದು ಆಟಗಾರರ ಪಟ್ಟಿ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಫೋಟೋ, ಮುಖ್ಯೋಪಾಧ್ಯಾಯರ ಸಹಿ, ಮೊಹರು. ಅದು ಒಮ್ಮೆ ಕೈಬಿಟ್ಟು ಹೋಯಿತೆಂದರೆ ಹೋಯಿತು. ಪಟ್ಟಿಯಲ್ಲಿಲ್ಲದವರು ಮೈದಾನಕ್ಕಿಳಿಯುವಂತಿಲ್ಲ, ಪಟ್ಟಿಯಲ್ಲಿದ್ದವರಿಗೆ ಜ್ವರ ಬಂದರೆ ಅವರ ಬದಲಿಗೆ ಇನ್ನೊಬ್ಬರನ್ನು ಸೇರಿಸುವಂತೆಯೂ ಇಲ್ಲ.

ಈ ನಿಯಮವನ್ನು ನಾನು ದೂರುವುದಿಲ್ಲ. ಅದಕ್ಕೆ ಕಾರಣವಿದೆ. ಪಟ್ಟಿ ಸಡಿಲವಾಗಿದ್ದರೆ ಫೈನಲ್ ದಿನ ಮೀಸೆ ಬಂದ 'ಎಂಟನೆಯ ತರಗತಿ ವಿದ್ಯಾರ್ಥಿ'ಗಳು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ನಿಜವಾಗಿ ಶಾಲೆಯಲ್ಲಿ ಓದುವ ಹುಡುಗ ಬೆಂಚಿನ ಮೇಲೆ ಉಳಿಯುತ್ತಾನೆ. ಮೋಸ ತಡೆಯಲು ಹಾಕಿದ ಬೇಲಿ ಅದು. ಆದರೆ ಬೇಲಿ ದನವನ್ನು ತಡೆಯುವುದರ ಜೊತೆಗೆ ಒಮ್ಮೊಮ್ಮೆ ಮನೆಯ ಮಗುವಿನ ಕಾಲನ್ನೂ ಗೀರುತ್ತದೆ. ಆ ಗಾಯದ ವಿಷಯವನ್ನೇ ನಾನಿಲ್ಲಿ ಹೇಳಹೊರಟಿರುವುದು.

ಹುಡುಗಿಯ ಪ್ರಶ್ನೆ ಕೇಳಿದೊಡನೆ ನನ್ನ ಮನಸ್ಸು 2002ನೇ ಇಸವಿಗೆ ಹೋಯಿತು. ಆಗ ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಪ್ರೌಢಶಾಲೆಯಲ್ಲಿದ್ದೆ. ಆ ವರ್ಷದ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆಯವರ ದವಡೆಗೆ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಮೂಳೆ ಮುರಿದಿತ್ತು. ಕುಂಬ್ಳೆ ತಲೆಯಿಂದ ಗದ್ದದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಆ ಚಿತ್ರ ಪತ್ರಿಕೆಗಳಲ್ಲಿ ಬಂದದ್ದೇ ತಡ, ನಮ್ಮ ಹುಡುಗರ ನೋಟ್ ಪುಸ್ತಕಗಳ ರಟ್ಟಿನ ಮೇಲೆಲ್ಲ ಕುಂಬ್ಳೆ. ಶಾಲೆ ಆರಂಭವಾದ ವಾರದಲ್ಲಿ ಪ್ರಾರ್ಥನೆಯ ಹೊತ್ತಿಗೆ ನಾನೂ ಭಾಷಣ ಬಿಗಿದೆ: "ದವಡೆ ಮುರಿದರೂ ದೇಶಕ್ಕಾಗಿ ಆಡಿದರು. ನೀವು ನೆಗಡಿ ಬಂದರೆ ರಜಾ ಚೀಟಿ ತರುತ್ತೀರಿ." ಮಕ್ಕಳು ನಕ್ಕರು. ಒಬ್ಬ ಹುಡುಗ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ ಎಂಬುದು ನನಗೆ ತಿಳಿದದ್ದು ಆಮೇಲೆ.

ಅವನು ನಮ್ಮ ತಂಡದ ಸೆಂಟರ್ ಹಾಫ್. ಸಣ್ಣ ಶಾಲೆಯಾದ್ದರಿಂದ ಪಟ್ಟಿಯಲ್ಲಿ ಇದ್ದದ್ದೇ 13 ಹೆಸರು. ಟೂರ್ನಿಯ ಕೊನೆಯ ದಿನಕ್ಕೆ ಇಬ್ಬರು ಜ್ವರ ಬಂದು ಮಲಗಿದರು. ಉಳಿದವರು ಸರಿಯಾಗಿ 11. ಎರಡು ದಿನದ ಹಿಂದಿನ ಅಭ್ಯಾಸದಲ್ಲಿ ಈ ಹುಡುಗ ಕೆಸರಿನಲ್ಲಿ ಕಾಲು ಹೊರಳಿಸಿಕೊಂಡಿದ್ದ. ಯಾರಿಗೂ ಹೇಳದೆ, ಮಂಡಿಗೆ ಅಮ್ಮನ ಹಳೆಯ ಸೀರೆಯ ತುಂಡು ಸುತ್ತಿ, ಮೇಲೆ ಕಾಲುಚೀಲ ಎಳೆದುಕೊಂಡು ಬಂದಿದ್ದ. ಪಂದ್ಯಕ್ಕೆ ಮುಂಚೆ ಅವನ ನಡಿಗೆ ನೋಡಿ ನಾನು ಬಟ್ಟೆ ಬಿಚ್ಚಿಸಿದೆ. ಮಂಡಿ ಊದಿಕೊಂಡಿತ್ತು.

"ಆಡ್ತೀಯಾ?" ಎಂದೆ.

"ಆಡ್ತೀನಿ ಸಾರ್."

ನಾನು ಚೀಲದಿಂದ ನೋವಿನ ಸ್ಪ್ರೇ ತೆಗೆದು ಹೊಡೆದೆ. ಅದೇ ವಾರ ಅವರ ತರಗತಿಯಲ್ಲಿ ಬಾಷ್ಪೀಕರಣದ ಪಾಠ ಮಾಡಿದ್ದೆ. ಪ್ರತಿಯೊಬ್ಬರ ಅಂಗೈಗೂ ಒಂದೊಂದು ಹನಿ ಸ್ಪಿರಿಟ್ ಹಾಕಿ, "ತಣ್ಣಗಾಯಿತೇ? ದ್ರವವು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ನಿಮ್ಮ ಚರ್ಮದಿಂದ ಕದ್ದಿತು" ಎಂದಿದ್ದೆ. ಸ್ಪ್ರೇ ಮಾಡುವುದೂ ಅಷ್ಟನ್ನೇ. ಇಂಥ ಕೆಲವು ಸ್ಪ್ರೇಗಳಲ್ಲಿರುವ ಈಥೈಲ್ ಕ್ಲೋರೈಡ್ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮೈಗೆ ತಾಗಿದೊಡನೆ ಆವಿಯಾಗಿ ಚರ್ಮವನ್ನು ಮರಗಟ್ಟಿಸುತ್ತದೆ. ಒಳಗಿನ ಗಾಯ ಇದ್ದಂತೆಯೇ ಇರುತ್ತದೆ, ಅದರ ಸುದ್ದಿ ಮಾತ್ರ ಮೆದುಳಿಗೆ ತಲುಪುವುದಿಲ್ಲ. ಇಷ್ಟೆಲ್ಲ ಬಲ್ಲ ಬಿ.ಎಸ್ಸಿ., ಬಿ.ಎಡ್. ಮೇಷ್ಟ್ರು ಕೈಯಲ್ಲಿ ಡಬ್ಬಿ ಹಿಡಿದಾಗ ಎಲ್ಲವನ್ನೂ ಮರೆತಿದ್ದ. ಅವನ ಕಣ್ಣೆದುರಿಗಿದ್ದದ್ದು ಪಟ್ಟಿ ಮತ್ತು 11 ಎಂಬ ಸಂಖ್ಯೆ.

ಉತ್ತರಾರ್ಧದಲ್ಲಿ ಹುಡುಗ ಬಿದ್ದ. ಯಾರೂ ತಳ್ಳಲಿಲ್ಲ, ಹತ್ತಿರದಲ್ಲಿ ಎದುರಾಳಿಯೂ ಇರಲಿಲ್ಲ. ಚೆಂಡು ನಿಲ್ಲಿಸಿ ತಿರುಗಿದವನು ಹಾಗೆಯೇ ಕುಸಿದ. ನಾವು 10 ಮಂದಿಯಲ್ಲೇ ಆಡಿ ಗೆದ್ದೆವು. ಕಪ್ಪು ಮುಖ್ಯೋಪಾಧ್ಯಾಯರ ಕೊಠಡಿ ಸೇರಿತು. ಹುಡುಗನ ಮಂಡಿಯ ಅಸ್ಥಿರಜ್ಜು, ಎಂದರೆ ಲಿಗಮೆಂಟು, ಹರಿದಿತ್ತು. ಸ್ನಾಯುವಿಗೆ ಹೋಲಿಸಿದರೆ ಈ ರಜ್ಜುಗಳಿಗೆ ರಕ್ತ ಸಂಚಾರ ಬಹಳ ಕಡಿಮೆ. ಅದಕ್ಕೇ ಅವು ಮಾಗುವುದೂ ನಿಧಾನ. ಮಂಡಿಯ ನಡುವಿನ ರಜ್ಜು ಪೂರ್ತಿ ಹರಿದರೆ ಶಸ್ತ್ರಚಿಕಿತ್ಸೆ ಮಾಡಿದ ಮೇಲೂ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕೆನ್ನುತ್ತಾರೆ. ಆ ಮನೆಯವರಿಗೆ ಶಸ್ತ್ರಚಿಕಿತ್ಸೆ ಕೈಗೆಟುಕುವಂತಿರಲಿಲ್ಲ. ಹುಡುಗ ಮತ್ತೆ ಸ್ಟಿಕ್ ಹಿಡಿಯಲಿಲ್ಲ.

ಕುಂಬ್ಳೆಯವರ ಕಥೆಯ ಉಳಿದರ್ಧವನ್ನು ನಾನು ಆ ದಿನ ಪ್ರಾರ್ಥನೆಯಲ್ಲಿ ಹೇಳಿರಲಿಲ್ಲ. ಅವರು ಆಗ 31 ವರ್ಷದ, ತನ್ನ ನಿರ್ಧಾರ ತಾನೇ ಮಾಡಬಲ್ಲ ಆಟಗಾರ. 14 ಓವರ್ ಮುಗಿಸಿದ ಮೇಲೆ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ವಿಮಾನ ಹತ್ತಿದರು. ಇನ್ನೊಂದು ಮಾತು: ಅಂದಿನ ನಿಯಮದ ಪ್ರಕಾರ ಅವರ ಬದಲಿಗೆ ಬಂದವನು ಫೀಲ್ಡಿಂಗ್ ಮಾಡಬಹುದಿತ್ತೇ ಹೊರತು ಬೌಲಿಂಗ್ ಮಾಡುವಂತಿರಲಿಲ್ಲ. ಧೈರ್ಯ ಅವರದು, ನಿಜ. ಆದರೆ ಆ ಧೈರ್ಯ ತೋರಬೇಕಾದ ಇಕ್ಕಟ್ಟನ್ನು ತಂದದ್ದು ನಿಯಮ.

ಫುಟ್‌ಬಾಲಿನಲ್ಲೂ ಹೀಗೆಯೇ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಮೊದಲ ಬಾರಿ ಅವಕಾಶ ಸಿಕ್ಕಿದ್ದು 1970ರಲ್ಲಿ, ಅದೂ ಪಂದ್ಯಕ್ಕೆ ಇಬ್ಬರಿಗೆ ಮಾತ್ರ. ಆ ವರ್ಷ ಮೆಕ್ಸಿಕೊ ನಗರದಲ್ಲಿ ಇಟಲಿ ವಿರುದ್ಧದ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಬೆಕೆನ್‌ಬವರ್ ಭುಜಕ್ಕೆ ಪೆಟ್ಟು ಬಿತ್ತು. ಇಬ್ಬರು ಬದಲಿಗಳೂ ಅಷ್ಟರಲ್ಲಿ ಇಳಿದಾಗಿತ್ತು. ಕೈಯನ್ನು ಎದೆಗೆ ಕಟ್ಟಿಕೊಂಡೇ ಅವರು ಪಂದ್ಯ ಮುಗಿಸಿದರು. ಜರ್ಮನಿ 4-3ರಲ್ಲಿ ಸೋತಿತು. ಆ ಚಿತ್ರವನ್ನು ಜಗತ್ತು ಇಂದಿಗೂ ಮೆಚ್ಚಿ ನೋಡುತ್ತದೆ. ಅಮೆರಿಕದ ಶಾಲಾ ಕಾಲೇಜುಗಳಲ್ಲಿ ಚಿಯರ್‌ಲೀಡಿಂಗ್ ಕೂಡ ದೊಡ್ಡ ಸ್ಪರ್ಧೆ. ನಮ್ಮ ಶಾಲಾ ವಾರ್ಷಿಕೋತ್ಸವದ ಪಿರಮಿಡ್ಡಿನಂತೆ ಅಲ್ಲಿಯೂ ಒಬ್ಬರ ಹೆಗಲ ಮೇಲೆ ಒಬ್ಬರು. ಕೆಳಗಿನವಳ ಮಣಿಕಟ್ಟು ಉಳುಕಿದರೆ ಜಾಗ ಖಾಲಿ ಬಿಡುವಂತಿಲ್ಲ, ಆ ವರಸೆ ಕಲಿತ ಇನ್ನೊಬ್ಬಳು ಇಲ್ಲದಿದ್ದರೆ ಉಳುಕಿದ ಕೈಯೇ ಭಾರ ಹೊರಬೇಕು. ಆಟ ಯಾವುದಾದರೇನು, ಲೆಕ್ಕ ಒಂದೇ.

ಸಮಾಧಾನದ ಸಂಗತಿಯೆಂದರೆ ನಿಯಮ ಕಲ್ಲಿನಲ್ಲಿ ಕೊರೆದದ್ದಲ್ಲ. ಹಾಕಿಯಲ್ಲಿ ಈಗ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಹೊರಬಂದವರು ಮತ್ತೆ ಒಳಹೋಗಬಹುದು. ರಕ್ತ ಸುರಿಯುತ್ತಿದ್ದರೆ ಹೊರಗೆ ಬರಲೇಬೇಕು. ಕ್ರಿಕೆಟ್ಟಿನಲ್ಲಿ 2019ರ ಆಗಸ್ಟ್ 1ರಿಂದ, ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಅದುರು ಉಂಟಾದವರ ಬದಲಿಗೆ ಬರುವವನು ಬ್ಯಾಟಿಂಗ್, ಬೌಲಿಂಗ್ ಎರಡನ್ನೂ ಮಾಡಬಹುದು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಮಾರ್ನಸ್ ಲಬುಶೇನ್ ಇಳಿದು 59 ರನ್ ಹೊಡೆದರು. ತಂಡಕ್ಕೆ ನಷ್ಟವಾಗಲಿಲ್ಲ, ಸ್ಮಿತ್ ವಿಶ್ರಾಂತಿ ಪಡೆದರು.

ಇನ್ನೂ ಚೆಂದದ ಉದಾಹರಣೆ ಟೋಕಿಯೊದ್ದು. ಒಲಿಂಪಿಕ್ ಹಾಕಿಯಲ್ಲಿ ತಂಡಕ್ಕೆ 16 ಹೆಸರು. ಕೋವಿಡ್ ಭಯದಿಂದ 2021ರಲ್ಲಿ ಅದನ್ನು 18ಕ್ಕೆ ಏರಿಸಿ, ಪ್ರತಿ ಪಂದ್ಯಕ್ಕೂ ಅವರಲ್ಲಿ 16 ಮಂದಿಯನ್ನು ಆರಿಸಿಕೊಳ್ಳಿ ಎಂದರು. ಹಾಗೆ ಒಳಬಂದವರಲ್ಲಿ ಒಬ್ಬ ಸಿಮ್ರನ್‌ಜೀತ್ ಸಿಂಗ್. ಆಗಸ್ಟ್ 5ರಂದು ಜರ್ಮನಿ ವಿರುದ್ಧದ ಕಂಚಿನ ಪಂದ್ಯವನ್ನು ಭಾರತ 5-4ರಲ್ಲಿ ಗೆದ್ದಾಗ ಎರಡು ಗೋಲು ಅವನವು. 41 ವರ್ಷಗಳ ಮೇಲೆ ಬಂದ ಪದಕ! ಪಟ್ಟಿಯಲ್ಲಿ ಎರಡು ಸಾಲು ಹೆಚ್ಚಾದದ್ದರ ಫಲ ಅದು. 2024ರ ಪ್ಯಾರಿಸ್ ಹೊತ್ತಿಗೆ ತಂಡ ಮತ್ತೆ 16ಕ್ಕೇ ಇಳಿಯಿತೆಂಬುದು ಬೇರೆ ಮಾತು.

ನಮ್ಮದು ಹಾಕಿಯ ಜಿಲ್ಲೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ ಇವರನ್ನೆಲ್ಲ ದೇಶಕ್ಕೆ ಕೊಟ್ಟ ನೆಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಮಂಡಿ ನೋವಿನಿಂದಾಗಿ 2018ರ ಭುವನೇಶ್ವರದ ವಿಶ್ವಕಪ್ ಆಡಲಾಗಲಿಲ್ಲ. ತವರಿನಲ್ಲಿ ನಡೆದ ವಿಶ್ವಕಪ್! ಆ ನೋವು ಊಹಿಸಿಕೊಳ್ಳಿ. ಆದರೆ ಮಂಡಿ ವಾಸಿಯಾಗಿ ಅವರು 2019ರಲ್ಲಿ ಮತ್ತೆ ಭಾರತದ ಅಂಗಿ ತೊಟ್ಟರು. ಕಾದವನಿಗೆ ಮರಳಿ ಬರುವ ದಾರಿ ಇರುತ್ತದೆ ಎಂಬುದಕ್ಕೆ ನಾನು ಈಗ ಮಕ್ಕಳಿಗೆ ಹೇಳುವ ಕಥೆ ಇದು.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳಿಂದ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ಅಲ್ಲಿಯೂ ಪಟ್ಟಿಯ ನಿಯಮವೊಂದಿದೆ, ಮನೆತನದವರೇ ಆಡಬೇಕು. ಅಜ್ಜ, ಮೊಮ್ಮಗ, ಹೆಣ್ಣುಮಕ್ಕಳು ಎಲ್ಲ ಒಂದೇ ತಂಡದಲ್ಲಿ. ಅದನ್ನು ನೋಡಲು ಹೋಗಿದ್ದಾಗ ಗ್ಯಾಲರಿಯಲ್ಲಿ ನನ್ನ ಹಳೆಯ ಸೆಂಟರ್ ಹಾಫ್ ಸಿಕ್ಕಿದ. ವಯಸ್ಸು 37. ಅವನ ಮನೆತನದ ತಂಡ ಆಡುತ್ತಿತ್ತು. ಇವನು ಮಂಡಿಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ಎದ್ದು ನಮಸ್ಕಾರ ಮಾಡಿದ, ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ತರಿಸಿದ. ನಾನೇ ಹಳೆಯ ಮಾತೆತ್ತಿ, "ಅವತ್ತು ನಾನು ನಿನ್ನನ್ನು ಆಡಿಸಬಾರದಿತ್ತು" ಎಂದೆ.

ಅವನು ಸ್ವಲ್ಪ ಹೊತ್ತು ಆಟ ನೋಡಿದ. ಆಮೇಲೆ, "ನೀವು ಕೇಳಿದ್ರಲ್ಲ ಸಾರ್, ಆಡ್ತೀಯಾ ಅಂತ. ಹದಿನೈದು ವರ್ಷದ ಹುಡುಗ ಇಲ್ಲ ಅಂತಾನಾ?" ಎಂದ. ದೂರುವ ದನಿಯಲ್ಲಿ ಅಲ್ಲ. ಅದಕ್ಕೇ ಇನ್ನೂ ಹೆಚ್ಚು ನಾಟಿತು.

ಈಗ ಬಾಗಿಲಲ್ಲಿ ನಿಂತ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳನ್ನು ನಾನು ಏನೂ ಕೇಳಲಿಲ್ಲ. ಅವಳ ಅಮ್ಮನನ್ನು ಕರೆಸಿ, ಮೂವರೂ ಮಡಿಕೇರಿಗೆ ಹೋಗಿ ವೈದ್ಯರಿಗೆ ತೋರಿಸಿದೆವು. ರಜ್ಜು ಹರಿದಿಲ್ಲ, ಹಿಗ್ಗಿದೆ. ಆರು ವಾರ ಓಡುವಂತಿಲ್ಲ. ಈ ವಯಸ್ಸಿನಲ್ಲಿ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ಅಲ್ಲಿರುವುದು ಮೆದು ಮೂಳೆ, ಹುಷಾರಾಗಿರಬೇಕು ಎಂದರು. ಹಿಂತಿರುಗುವ ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಕೇಳಿದರು: "ಹಾಗಾದ್ರೆ ಸರ್ಟಿಫಿಕೇಟು ಸಾರ್?"

ಅವರ ಮೇಲೆ ಸಿಟ್ಟಾಗಲು ನನಗೆ ಬಾಯಿ ಬರಲಿಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುವ ಈ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ಕ್ರೀಡಾ ಕೋಟಾದ ಸೀಟಿದೆ, ಹಾಸ್ಟೆಲ್ಲಿದೆ. ಎರಡು ಎಕರೆ ಕಾಫಿಯ ಮನೆಗೆ ಅದು ಸಣ್ಣ ಮಾತಲ್ಲ. ಮಗು ಗಾಯ ಮುಚ್ಚಿಡುವುದು ಆಟದ ಹುಚ್ಚಿನಿಂದ ಮಾತ್ರವಲ್ಲ. ಒಂದು ಸಲ ಪಟ್ಟಿಯಿಂದ ಜಾರಿದರೆ ವರ್ಷವೇ ಹೋಯಿತು ಎಂಬ ಲೆಕ್ಕ ಅದಕ್ಕೂ ಗೊತ್ತು. ಹಾಗಾಗಿ ಬರೀ ಉಪದೇಶದಿಂದ ಪ್ರಯೋಜನವಿಲ್ಲ. ವೈದ್ಯರ ಚೀಟಿ ತೋರಿಸಿದರೆ ಪಂದ್ಯದ ಮುನ್ನಾದಿನದವರೆಗೆ ಹೆಸರು ಬದಲಿಸಲು ಅವಕಾಶವಿರಲಿ. ಬದಲಿಗೆ ಬರುವವರ ಫೋಟೋ, ಜನ್ಮದಿನಾಂಕ ಮೊದಲೇ ಪಡೆದಿಟ್ಟುಕೊಂಡರೆ ಮೋಸಕ್ಕೂ ಎಡೆಯಿಲ್ಲ. ಗಾಯಗೊಂಡವರ ಹೆಸರು ತಂಡದ ಸದಸ್ಯರೆಂದೇ ಉಳಿಯಲಿ. ಇದಕ್ಕೆ ಬೇಕಾದದ್ದು ಕಾಗದದ ಮೇಲೆ ಇನ್ನೆರಡು ಗೆರೆ ಮಾತ್ರ.

ಮಾರನೆಯ ದಿನ ಪಟ್ಟಿ ಬರೆಯಲು ಕುಳಿತೆ. ನಮೂನೆಯಲ್ಲಿ 16 ಸಾಲು. ಹುಡುಗಿಯ ಜಾಗದಲ್ಲಿ ಎಂಟನೆಯ ತರಗತಿಯ ಒಬ್ಬಳ ಹೆಸರು ಬರೆದೆ. ಆಮೇಲೆ ಸ್ಕೇಲು ಇಟ್ಟು ಕೆಳಗೆ ಇನ್ನೊಂದು ಗೆರೆ ಎಳೆದು, 17 ಎಂದು ಹಾಕಿ, ಅವಳ ಹೆಸರು ಬರೆದು, ಷರಾ ಅಂಕಣದಲ್ಲಿ 'ತಂಡದ ಸದಸ್ಯೆ, ಗಾಯದಿಂದ ವಿಶ್ರಾಂತಿಯಲ್ಲಿ' ಎಂದು ನಮೂದಿಸಿದೆ. ಮುಖ್ಯೋಪಾಧ್ಯಾಯರು ಕನ್ನಡಕದ ಮೇಲಿನಿಂದ ನೋಡಿ ಸಹಿ ಹಾಕಿದರು. ಪಟ್ಟಿ ತೆಗೆದುಕೊಂಡವರು, "ಇದೇನ್ ಸಾರ್, ಹದಿನೇಳು?" ಎಂದು ನಕ್ಕರು. ಹೊಡೆದುಹಾಕಲಿಲ್ಲ. ಸರ್ಟಿಫಿಕೇಟ್ ಕೊಡುತ್ತೇವೆಂದೂ ಹೇಳಲಿಲ್ಲ.

ಪಂದ್ಯದ ದಿನ ಅವಳು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತು ಯಾರು ಯಾವಾಗ ಒಳಹೋದರು, ಹೊರಬಂದರು ಎಂದು ಬರೆದುಕೊಂಡಳು. ನಾವು ಸೋತೆವು. ಅವಳು ಅತ್ತಳು. ದೀಪಾವಳಿ ಕಳೆದ ಮೇಲೆ ಮತ್ತೆ ಓಡತೊಡಗಿದಳು.

ತಂದೆತಾಯಂದಿರಲ್ಲಿ, ನನ್ನಂಥ ಮೇಷ್ಟ್ರುಗಳಲ್ಲಿ ನನ್ನದೊಂದೇ ಬಿನ್ನಹ. ಮಗು ಕುಂಟುತ್ತಾ ಬಂದರೆ "ಆಡ್ತೀಯಾ?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಅದರ ಬಳಿ ಇರುವುದು ಒಂದೇ ಉತ್ತರ.