ಮೂರನೇ ಗೇರಿನ ಲೆಕ್ಕ

ಹಳೇ ಕಾಲದ ಗೇರ್ ಬಾಕ್ಸು ಗಟ್ಟಿ, ಈಗಿನದೆಲ್ಲ ಬರೀ ಷೋಕಿ. ಬೆಂಗಳೂರಿನ ರಾಜಾಜಿನಗರ, ಕಾಮಾಕ್ಷಿಪಾಳ್ಯದ ಕಡೆ ಯಾವ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಹೆಚ್ಚಾಗಿ ಅಂಬಾಸಿಡರ್, ಫಿಯಟ್ ಓಡಿಸಿದ ತಲೆಮಾರಿನವರು. ನಾನೂ ಅದೇ ವಯಸ್ಸಿನವನು. ಆದರೆ ಆ ಗೇರ್ ಬಾಕ್ಸುಗಳನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರವಿದ್ದನ್ನು ನೋಡುತ್ತಲೇ ಬೆಳೆದವನಾದ್ದರಿಂದ ಈ ಮಾತನ್ನು ಒಪ್ಪಲಾರೆ. ಅವು ಗಟ್ಟಿಯಾಗಿರಲಿಲ್ಲ. ಅವುಗಳ ಮೇಲೆ ಭಾರ ಬೀಳುತ್ತಿರಲಿಲ್ಲ, ಅಷ್ಟೇ.

1980ರ ದಶಕದಲ್ಲಿ ಮಾಗಡಿ ರಸ್ತೆಯ ಒಳಗಲ್ಲಿಗಳಲ್ಲಿ ಗ್ಯಾರೇಜು ಎಂದರೆ ಒಂದು ಶೀಟಿನ ಚಪ್ಪರ, ಅದರ ಕೆಳಗೆ ಕಾರು ನಿಲ್ಲಿಸುವ ಗುಂಡಿ, ಪಕ್ಕದಲ್ಲೇ ಯಾರದೋ ಲೇಥ್ ಅಂಗಡಿ. ಅಂಬಾಸಿಡರಿಗೂ ಫಿಯಟ್ಟಿಗೂ ಫಸ್ಟ್ ಗೇರಿನಲ್ಲಿ ಸಿಂಕ್ರೋ, ಅಂದರೆ ಗೇರುಗಳ ವೇಗ ಹೊಂದಿಸುವ ರಿಂಗು, ಇರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಮುಂಚೆ ಫಸ್ಟ್ ಹಾಕಿದರೆ ಕರಕರ ಸದ್ದು. ಕೈ ಪಳಗಿದ ಡ್ರೈವರುಗಳು ಡಬಲ್ ಕ್ಲಚ್ ಹೊಡೆದು ಸಂಭಾಳಿಸುತ್ತಿದ್ದರು, ಉಳಿದವರು ಹಲ್ಲು ತೇಯುತ್ತಿದ್ದರು. ನಮ್ಮ ಬೀದಿಯ ಮೆಕ್ಯಾನಿಕ್ಕು ಗೇರ್ ಆಯಿಲನ್ನು ಹಳೇ ಡಬ್ಬಕ್ಕೆ ಇಳಿಸಿ, ಎರಡು ಹನಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ. "ಬೂದಿ ಥರ ನುಣ್ಣಗಿದ್ರೆ ಬರೀ ಸವೆತ. ಬೆರಳಿಗೆ ಚುಚ್ಚಿದ್ರೆ ಹಲ್ಲು ಹೋಗೈತೆ ಅಂತ ಅರ್ಥ ಸ್ವಾಮಿ" ಎನ್ನುತ್ತಿದ್ದ. ಎಷ್ಟೋ ಸಲ ಚುಚ್ಚುತ್ತಿತ್ತು. ಹೊಸ ಗೇರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಇಲ್ಲದಿದ್ದರೆ ಲೇಥಿನವರು ಕತ್ತರಿಸಿಕೊಟ್ಟ ನಕಲು. ಹಲ್ಲು ಕತ್ತರಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಮೈಮೇಲೆ ಗಡಸು, ಒಳಗೆ ಮೆದು ಇರುವ ಹಾಗೆ ಕಾಯಿಸಿ ಹದ ಮಾಡುವುದು ಎಲ್ಲರ ಕೈಗೂ ಬರುತ್ತಿರಲಿಲ್ಲ. ಹದ ತಪ್ಪಿದ ಗೇರು ಒಂದೋ ಬೇಗ ಸವೆಯುತ್ತಿತ್ತು, ಇಲ್ಲವೇ ಮುರಿಯುತ್ತಿತ್ತು.

ಇಷ್ಟಿದ್ದೂ ಆ ಕಾರುಗಳು ಓಡಿದವು. ಎಂಜಿನ್ನಿಗೆ ಗೇರ್ ಬಾಕ್ಸನ್ನು ಕೊಲ್ಲುವಷ್ಟು ಕಸುವಿರಲಿಲ್ಲವಲ್ಲ! ಅದೇ ದಶಕದಲ್ಲಿ ಬಂದ ಮಾರುತಿ 800ರ ಟಾರ್ಕು, ಅಂದರೆ ಶಾಫ್ಟನ್ನು ತಿರುಚುವ ಬಲ, 59 ನ್ಯೂಟನ್ ಮೀಟರ್. 2004ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಲ್ಲಿಗೆ ಬಂತು: 1.8 ಲೀಟರಿನ ಟರ್ಬೊ ಪೆಟ್ರೋಲ್, ಐದು ಗೇರಿನ ಮ್ಯಾನುಯಲ್, 210 ನ್ಯೂಟನ್ ಮೀಟರ್. ಅದೂ 1,750 ಆರ್‌ಪಿಎಮ್‌ಗೇ ಪೂರ್ತಿ. ಮೂರೂವರೆ ಪಟ್ಟು ಬಲ ಅಷ್ಟು ಕೆಳಗಿನ ವೇಗದಲ್ಲೇ ಗೇರಿನ ಹಲ್ಲಿಗೆ ಬಂದು ಬೀಳುತ್ತದೆ. ಟರ್ಬೊ ಕಾರಿನ ಗೇರ್ ಬಾಕ್ಸಿನ ಕಷ್ಟವೆಲ್ಲ ಇಲ್ಲಿದೆ. ಅದನ್ನು ಕೊಲ್ಲುವುದು ಸ್ಪೀಡಲ್ಲ, ಟಾರ್ಕು.

ಇದರ ಲೆಕ್ಕ ಸ್ವಲ್ಪ ಕ್ರೂರವಾದದ್ದು. ಬಾಲ್ ಬೇರಿಂಗಿನ ಆಯಸ್ಸು ಭಾರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಭಾರ ಶೇಕಡ 30 ಏರಿದರೆ ಆಯಸ್ಸು ಶೇಕಡ 30 ಇಳಿಯುವುದಿಲ್ಲ, ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಜೊತೆಗೆ ಟಾರ್ಕು ಏರಿದಾಗ ಹಲ್ಲುಗಳು ಒಂದನ್ನೊಂದು ದೂರ ತಳ್ಳುತ್ತವೆ, ಶಾಫ್ಟುಗಳು ಕೂದಲೆಳೆಯಷ್ಟು ಬಾಗುತ್ತವೆ, ಇಡೀ ಹಲ್ಲಿನ ಮೇಲೆ ಹಂಚಿಹೋಗಬೇಕಾದ ಭಾರ ಅದರ ಒಂದು ಅಂಚಿಗೆ ಬೀಳುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಮೂರನೇ ಗೇರು ಮುರಿದ ಕತೆ ಹೆಚ್ಚಾಗಿ ಕೇಳುವುದಕ್ಕೂ ಕಾರಣವಿದೆ. ಫಸ್ಟಿನಲ್ಲಿ ಜೋರಾಗಿ ಒತ್ತಿದರೆ ಟೈರು ಜಾರಿ ಬಲ ಸೋರಿಹೋಗುತ್ತದೆ. ಮೂರರಲ್ಲಿ ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುತ್ತದೆ, ಟರ್ಬೊ ಪೂರ್ತಿ ಊದುತ್ತಿರುತ್ತದೆ. ತಪ್ಪಿಸಿಕೊಳ್ಳಲು ಎಲ್ಲೂ ದಾರಿಯಿಲ್ಲ.

ಕಂಪನಿಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಫೋಕ್ಸ್‌ವ್ಯಾಗನ್ ಗುಂಪಿನವರು ತಮ್ಮ ಗೇರ್ ಬಾಕ್ಸುಗಳ ಹೆಸರಿನಲ್ಲೇ ಅವುಗಳ ತಾಕತ್ತನ್ನು ಬರೆದಿಟ್ಟಿದ್ದಾರೆ. ಎಂಕ್ಯೂ200, ಎಂಕ್ಯೂ250, ಎಂಕ್ಯೂ350 ಎಂದರೆ ಅಂದಾಜು ಅಷ್ಟಷ್ಟು ನ್ಯೂಟನ್ ಮೀಟರ್ ತಡೆಯುತ್ತವೆ ಎಂದು. ಕೆಂಗೇರಿ ದಾಟಿ ಬಿಡದಿಗೆ ಹೋದರೆ ಇನ್ನೂ ಸ್ಪಷ್ಟ ಉದಾಹರಣೆ ಸಿಗುತ್ತದೆ. ಅಲ್ಲಿ ತಯಾರಾಗುವ ಟೊಯೋಟಾ ಫಾರ್ಚೂನರಿನ 2.8 ಲೀಟರ್ ಡೀಸೆಲ್ ಎಂಜಿನ್ನು 2021ರಿಂದ ಆಟೋಮ್ಯಾಟಿಕ್ ಜೊತೆ 500 ನ್ಯೂಟನ್ ಮೀಟರ್ ಕೊಡುತ್ತದೆ, ಮ್ಯಾನುಯಲ್ ಜೊತೆ 420. ಎಂಜಿನ್ ಅದೇ. ಮಹೀಂದ್ರ ಥಾರ್ ಪೆಟ್ರೋಲಿನಲ್ಲೂ ಹೀಗೇ: ಮ್ಯಾನುಯಲ್ಲಿಗೆ 300, ಆಟೋಮ್ಯಾಟಿಕ್ಕಿಗೆ 320. ಕ್ಲಚ್ಚಿನ ಮೇಲೆ ಎಡಗಾಲಿಟ್ಟ ಮನುಷ್ಯನನ್ನು ನಂಬಿ ಆ ಕೊನೆಯ ಬಲವನ್ನು ಬಿಟ್ಟುಕೊಡಲು ಎಂಜಿನಿಯರುಗಳು ಸಿದ್ಧರಿಲ್ಲ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಬಿಡದಿಯ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2004ರಿಂದ ಆರ್ ಮಾದರಿಯ ಮ್ಯಾನುಯಲ್ ಗೇರ್ ಬಾಕ್ಸುಗಳನ್ನು ಮಾಡಿ ಹೊರದೇಶಗಳಿಗೂ ಕಳಿಸುತ್ತ ಬಂತು. 1980ರ ದಶಕದ ಟರ್ಬೊ ಸುಪ್ರಾದಲ್ಲಿದ್ದ ಆರ್154 ಕೂಡ ಈ ಆರ್ ಮಾದರಿಯ ದಾಯಾದಿಯೇ. ಸ್ಪೋರ್ಟ್ಸ್ ಕಾರಿಗೂ ಪಿಕಪ್ಪಿಗೂ ಒಂದೇ ವಂಶದ ಗೇರ್ ಬಾಕ್ಸು! ಉದ್ದಕ್ಕೆ ಕೂರಿಸುವ ಈ ಡಬ್ಬಗಳಿಗೆ ಜಾಗ ಧಾರಾಳ, ಗೇರುಗಳು ಅಗಲ. ಮುಂದಿನ ಚಕ್ರ ಎಳೆಯುವ ಹೆಚ್ಚಿನ ಕಾರುಗಳಲ್ಲಿ ಎಂಜಿನ್ನು, ಗೇರ್ ಬಾಕ್ಸು, ಡಿಫರೆನ್ಷಿಯಲ್ ಎಲ್ಲವನ್ನೂ ಎರಡು ಚಕ್ರಗಳ ನಡುವೆ ಅಡ್ಡಕ್ಕೆ ತುರುಕಬೇಕು. ಅಲ್ಲಿ ಗೇರಿನ ಅಗಲ ಹೆಚ್ಚಿಸಲು ಜಾಗವೇ ಇಲ್ಲ.

ಈಗ ಟರ್ಬೊ ಕಾರು ಓಡಿಸುವ ಬಸವೇಶ್ವರನಗರದ ಹುಡುಗರ ವಿಷಯಕ್ಕೆ ಬರುತ್ತೇನೆ. ಲ್ಯಾಪ್‌ಟಾಪ್ ಸಿಕ್ಕಿಸಿ ಸ್ವಲ್ಪ ಹೊತ್ತಿನಲ್ಲೇ ರೀಮ್ಯಾಪ್ ಮಾಡಿಸಬಹುದು, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ತಿದ್ದಿಸಬಹುದು, ಟಾರ್ಕು ಏರಿಬಿಡುತ್ತದೆ. ಎಂಜಿನ್ನಿನ ಟಾರ್ಕಿಗೂ ಗೇರ್ ಬಾಕ್ಸಿನ ತಾಕತ್ತಿಗೂ ನಡುವೆ ಕಂಪನಿ ಉಳಿಸಿಟ್ಟ ಅಂತರವನ್ನು ಅಲ್ಲೇ ತಿಂದಂತಾಯಿತು. ನಮ್ಮ ಎದುರು ಮನೆಯ ಹುಡುಗನ ಟರ್ಬೊ ಪೆಟ್ರೋಲ್ ಕಾರಿಗೂ ಇದೇ ಆಯಿತು. ಮೊದಲು ಕ್ಲಚ್ ಜಾರತೊಡಗಿತು. "ಅಂಕಲ್, ಹೆವಿ ಕ್ಲಚ್ ಹಾಕಿಸಿದೀನಿ, ಇನ್ನು ತೊಂದರೆ ಇಲ್ಲ" ಎಂದ. ತೊಂದರೆ ಅಲ್ಲೇ ಶುರುವಾದದ್ದು. ಕ್ಲಚ್ಚೆಂದರೆ ಮನೆಯ ಫ್ಯೂಸಿದ್ದಂತೆ, ಭಾರ ಹೆಚ್ಚಾದರೆ ಮೊದಲು ತಾನು ಸುಡಬೇಕು. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಬಿಗಿದ ಮೇಲೆ ಪೆಟ್ಟು ನೇರ ಗೇರುಗಳಿಗೆ. ಅವನ ಕಾರಿನ ಡಿಫರೆನ್ಷಿಯಲ್ಲಿನ ದೊಡ್ಡ ಗೇರನ್ನು ರಿವೆಟ್ ಹೊಡೆದು ಕೂರಿಸಿದ್ದರು. ಒಂದು ರಿವೆಟ್ಟಿನ ತಲೆ ಕಿತ್ತು, ತಿರುಗುವ ಗೇರಿಗೂ ಅಲ್ಯೂಮಿನಿಯಂ ಡಬ್ಬಕ್ಕೂ ನಡುವೆ ಸಿಕ್ಕಿಕೊಂಡು, ಡಬ್ಬವನ್ನೇ ಒಡೆದು ಹೊರಬಂದಿತ್ತು. ಗ್ಯಾರೇಜಿನ ನೆಲದ ಮೇಲೆ ಆ ಡಬ್ಬವನ್ನು ನೋಡಿದೆ. ತೂತು ಎಂಟಾಣೆ ನಾಣ್ಯದಷ್ಟಿತ್ತು, ಅಂಚು ಹೊಳೆಯುತ್ತಿತ್ತು. ರೀಮ್ಯಾಪಿಗೆ ಕೊಟ್ಟದ್ದಕ್ಕಿಂತ ರಿಪೇರಿಯ ಬಿಲ್ಲು ಎಷ್ಟೋ ದೊಡ್ಡದು.

ಹಾಗಂತ ಈಗಿನ ಗೇರ್ ಬಾಕ್ಸು ದುರ್ಬಲವೆಂದು ನಾನು ಹೇಳುತ್ತಿಲ್ಲ. ಉಕ್ಕು, ಹದ, ಸಿಂಕ್ರೋ, ಆಯಿಲು ಎಲ್ಲವೂ ಹಳೆಯದಕ್ಕಿಂತ ಎಷ್ಟೋ ಮೇಲು. ವಿಜಯನಗರದ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ತೆವಳುವವರು ಕ್ಲಚ್ ಪ್ಲೇಟ್ ಸುಡುತ್ತಾರೆಯೇ ಹೊರತು ಗೇರು ಮುರಿಯುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೂ ಭಯವಿಲ್ಲ. ಟಾಪ್ ಗೇರಿನಲ್ಲಿ 1,500 ಆರ್‌ಪಿಎಮ್ ಇರುವಾಗ ಆಕ್ಸಿಲರೇಟರನ್ನು ನೆಲಕ್ಕೊತ್ತುವ ಚಟ ಮಾತ್ರ ಕೆಟ್ಟದ್ದು. ಒಂದು ಗೇರು ಇಳಿಸಲು ಸೋಮಾರಿತನವೇಕೆ? ಆಯಿಲಿನಲ್ಲಿ ಜಾಣತನವೂ ಬೇಡ. ಜಿಎಲ್-4 ಎಂದು ಬರೆದಿರುವ ಕಡೆ ಹೆಚ್ಚು ಗಟ್ಟಿಯದೆಂದು ಜಿಎಲ್-5 ಸುರಿದರೆ ಅದರೊಳಗಿನ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೋ ರಿಂಗನ್ನು ತಿನ್ನಬಹುದು.

ಸೆಕೆಂಡ್ ಹ್ಯಾಂಡ್ ಟರ್ಬೊ ಮ್ಯಾನುಯಲ್ ಕೊಳ್ಳುವವರು ಸೀಟು, ಸನ್‌ರೂಫ್ ನೋಡುವ ಮೊದಲು ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರಿಗೆ ಹಾಕಿ, ಎರಡು ಸಾವಿರ ಆರ್‌ಪಿಎಮ್‌ನಿಂದ ಪೂರ್ತಿ ಒತ್ತಿ ನೋಡಿ. ಆರ್‌ಪಿಎಮ್ ಮುಳ್ಳು ಮೇಲೆ ಜಿಗಿದು ವೇಗ ಅಲ್ಲೇ ನಿಂತರೆ ಕ್ಲಚ್ ಮುಗಿದಿದೆ. ಹೊಚ್ಚಹೊಸ ಹೆವಿ ಕ್ಲಚ್ ಇದೆ ಎಂದು ಮಾರುವವನು ಹೆಮ್ಮೆಯಿಂದ ಹೇಳಿದರೆ, ಗೇರ್ ಆಯಿಲನ್ನು ಇಳಿಸಿ ತೋರಿಸು ಎನ್ನಿ. ತೋರಿಸಲು ಒಪ್ಪದಿದ್ದರೆ ಆ ಕಾರು ಬೇಡ.