ಗಸಗಸೆಯ ದಾಯಾದಿ

ದಿಲ್ಲಿಗೆ ಬಂದ ಹೊಸತರಲ್ಲಿ ನಮಗೆಲ್ಲ ಇಲ್ಲಿನ ಚಳಿಯದೇ ದೊಡ್ಡ ದೂರು. ಎರಡು ಮೂರು ವರ್ಷ ಕಳೆದ ಮೇಲೆ ಗೊತ್ತಾಗುವುದು, ಈ ಊರಿನಲ್ಲಿ ಹೂವಿಗೆ ಒಂದು ಕಾಲವಿದೆ, ಅದು ಆ ಚಳಿಯ ಬೆನ್ನಿಗೇ ಬರುತ್ತದೆ ಅಂತ. ನಮ್ಮೂರಿನ ದಾಸವಾಳ, ಕನಕಾಂಬರದ ಹಾಗೆ ಅದು ವರ್ಷವಿಡೀ ಸಿಗುವುದಿಲ್ಲ. ಅಕ್ಟೋಬರಿನಲ್ಲಿ ಬಿತ್ತಬೇಕು, ಜನವರಿಯ ಮಂಜು ಕಳೆಯುವವರೆಗೆ ಕಾಯಬೇಕು. ಫೆಬ್ರವರಿ, ಮಾರ್ಚಿನಲ್ಲಿ ಕಣ್ತುಂಬ ಹೂವು. ಏಪ್ರಿಲ್ ಬಿಸಿಗೆ ಎಲ್ಲ ಒಣಗಿ ಮುಗಿಯಿತು.

ಆ ಎರಡು ತಿಂಗಳಲ್ಲಿ ಲೋದಿ ಉದ್ಯಾನಕ್ಕೋ ಸುಂದರ್ ನರ್ಸರಿಗೋ ಹೋದವರು ಪಾಪಿ ಹೂವನ್ನು ನೋಡಿಯೇ ಇರುತ್ತೀರಿ. ಕೆಂಪು, ಗುಲಾಬಿ, ಬಿಳಿ. ಗಾಳಿಪಟದ ಕಾಗದದಂಥ ತೆಳು ಎಸಳು, ಅದೂ ಸುಕ್ಕು ಸುಕ್ಕು. ಮದುವೆಗೆ ಹೊರಟವರು ಪೆಟ್ಟಿಗೆಯಿಂದ ಆಗಷ್ಟೇ ತೆಗೆದು ಉಟ್ಟ ಸೀರೆಯ ಹಾಗೆ.

ನಾವಿದ್ದದ್ದು ದಕ್ಷಿಣ ದಿಲ್ಲಿಯ ಹಳೆಯ ಕಾಲೊನಿಯೊಂದರ ಬಾಡಿಗೆ ಮನೆ, ನೆಲಮಹಡಿ. ಹಿಂದುಗಡೆ ಹತ್ತಡಿ ಉದ್ದ, ಮೂರಡಿ ಅಗಲದ ಮಣ್ಣಿತ್ತು. ಅಪ್ಪ ತೀರಿಕೊಂಡ ವರ್ಷ ಅಮ್ಮ ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಬಂದು ನಮ್ಮ ಜೊತೆ ಇದ್ದರು. ಹಿಂದಿ ಬಾರದು, ಟಿವಿ ಹಿಡಿಸದು. ಬೆಳಗಿಂದ ಸಂಜೆವರೆಗೆ ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದರು. ಆ ಮಣ್ಣಿನಲ್ಲಿ ಅವರಿಗೊಂದು ಕೆಲಸ ಹುಡುಕಲೆಂದೇ ನಾನು ರಸ್ತೆ ಬದಿಯ ನರ್ಸರಿಯಿಂದ ಪಾಪಿ ಬೀಜದ ಪೊಟ್ಟಣ ತಂದೆ.

ಅಮ್ಮ ಪೊಟ್ಟಣ ಬಿಡಿಸಿ ನೋಡಿ, "ಇದು ಗಸಗಸೆ ಅಲ್ವೇನೇ? ಡಬ್ಬಿಯಲ್ಲೇ ಇದೆಯಲ್ಲ, ದುಡ್ಡು ಕೊಟ್ಟು ಯಾಕೆ ತಂದೆ?" ಅಂದರು. ಹೆಸರು ಕೇಳಿದ ಮೇಲಂತೂ, "ಹೂವಿಗೆ ಯಾರಾದರೂ ಪಾಪಿ ಅಂತಾರಾ!" ಇವತ್ತಿಗೂ ಅವರ ಬಾಯಲ್ಲಿ ಅದು ಗಸಗಸೆ ಹೂವೇ.

ಅವರು ಹೇಳಿದ್ದು ಪೂರ್ತಿ ತಪ್ಪಲ್ಲ, ಎರಡೂ ದಾಯಾದಿಗಳು. ಆದರೆ ನಮ್ಮ ಪಾಯಸದ ಗಸಗಸೆ ಬರುವುದು ಅಫೀಮಿನ ಗಿಡದಿಂದ. ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದು 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ ಅಪರಾಧ, ಹತ್ತು ವರ್ಷದವರೆಗೂ ಜೈಲು. ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ಈ ಗಿಡ ಕಂಡೇ ಗೊತ್ತಿಲ್ಲ. ನಮ್ಮ ಕಡೆ ಗಸಗಸೆ ಮರ ಅನ್ನುವುದೇ ಬೇರೆ, ಶಾಲೆಯ ಅಂಗಳದಲ್ಲಿ ಕಿತ್ತು ತಿನ್ನುತ್ತಿದ್ದ ಸಿಹಿ ಕೆಂಪು ಹಣ್ಣಿನ ಮರ. ಅದಕ್ಕೂ ಇದಕ್ಕೂ ನಂಟೇ ಇಲ್ಲ, ಹಣ್ಣಿನೊಳಗಿನ ಸಣ್ಣ ಬೀಜದಿಂದ ಬಂದ ಹೆಸರು.

ನಾನು ತಂದದ್ದು ಶರ್ಲಿ ಪಾಪಿ. ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕೆಂಪು ಹೂವಿನ ತಳಿ. 1880ರ ಸುಮಾರಿಗೆ ಇಂಗ್ಲೆಂಡಿನ ಶರ್ಲಿ ಎಂಬಲ್ಲಿ ವಿಲಿಯಂ ವಿಲ್ಕ್ಸ್ ಎಂಬ ಪಾದ್ರಿ, ಕಳೆಯ ನಡುವೆ ಅಂಚು ಬೆಳ್ಳಗಿದ್ದ ಒಂದೇ ಒಂದು ಹೂವು ಕಂಡು, ಅದರ ಬೀಜ ಕಾಯ್ದಿಟ್ಟು, ವರ್ಷ ವರ್ಷವೂ ಆರಿಸಿ ಆರಿಸಿ ಬಿತ್ತಿ ಇದನ್ನು ಮಾಡಿದನಂತೆ. ಇದರಲ್ಲಿ ಅಫೀಮಿಲ್ಲ. ಗುರುತು ಸುಲಭ: ಶರ್ಲಿಯ ಎಲೆ ಹಸಿರು, ಸೀಳು ಸೀಳು, ದಂಟಿನ ಮೇಲೆಲ್ಲ ರೋಮ. ಅಫೀಮಿನದು ಬೂದಿ ಬಳಿದಂಥ ನುಣುಪು ಎಲೆ, ಬುಡದಲ್ಲಿ ದಂಟನ್ನು ತಬ್ಬಿಕೊಂಡಿರುತ್ತದೆ. ಪಕ್ಕದ ಮನೆಯವರು ಕೇಳಿದರೆ ಹೇಳಲು ಬೇಕಾಗುತ್ತದೆಂದು ಅಮ್ಮನಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೆ.

ಬಿತ್ತುವುದು ನಾನು ಹೇಳಿಕೊಡಬೇಕಾಗಲಿಲ್ಲ. ದಂಟಿನ ಸೊಪ್ಪಿನ ಬೀಜಕ್ಕೆ ಮಾಡುವ ಹಾಗೆ ಒಣ ಮರಳು ಬೆರೆಸಿ ಎರಚಿದರು. ಮೇಲೆ ಮಣ್ಣು ಮುಚ್ಚಬಾರದು, ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅಂಗೈಯಲ್ಲಿ ಮೆಲ್ಲಗೆ ಒತ್ತಿ, ನೀರನ್ನು ಸುರಿಯದೆ ಚಿಮುಕಿಸಿದರು. ಹತ್ತನೆಯ ದಿನಕ್ಕೆ ಹಸಿರು ಧೂಳು ಬಿದ್ದಂತೆ ಮೊಳಕೆ ಕಂಡಿತು.

ಜಗಳವಾದದ್ದು ಮುಂದೆ. ಗಿಡಕ್ಕೆ ಗಿಡಕ್ಕೆ ಗೇಣು ಅಂತರವಾದರೂ ಬೇಕು, ಉಳಿದದ್ದನ್ನು ಕಿತ್ತು ಬಿಸಾಡಬೇಕು. ರಾಗಿ ಪೈರು ಕಿತ್ತು ನೆಟ್ಟ ಕೈ ಅದು, ಬಿಸಾಡಲು ಒಪ್ಪಲಿಲ್ಲ. ಕಿತ್ತದ್ದನ್ನೆಲ್ಲ ಗೋಡೆಯ ಆ ಕಡೆ ಸಾಲಾಗಿ ನೆಟ್ಟರು. ಪಾಪಿಗೆ ಒಂದೇ ತಾಯಿಬೇರು, ನೆಟ್ಟಗೆ ಕೆಳಗಿಳಿಯುತ್ತದೆ. ಅದನ್ನು ಅಲುಗಿಸಿದರೆ ಗಿಡ ಚೇತರಿಸಿಕೊಳ್ಳುವುದಿಲ್ಲ. ಮೂರು ದಿನಕ್ಕೆ ಆ ಸಾಲು ಪೂರ್ತಿ ಬಾಡಿತು.

ಡಿಸೆಂಬರ್ ನಡುವಿನಲ್ಲಿ ಮನೆಯ ಮಾಲೀಕರು ಬಂದು, ಮನೆ ಬಿಲ್ಡರ್‌ಗೆ ಕೊಟ್ಟಾಯಿತು, ಕೆಡವಿ ನಾಲ್ಕು ಮಹಡಿ ಕಟ್ಟುತ್ತಾರೆ, ಜನವರಿ ಕೊನೆಗೆ ಖಾಲಿ ಮಾಡಿ ಅಂದರು. ದಿಲ್ಲಿಯ ಹಳೆಯ ಕಾಲೊನಿಗಳಲ್ಲಿ ಇದು ದಿನಾ ನಡೆಯುವ ಕತೆ. ನಮಗೆ ಶಾಲೆ, ಆಫೀಸು, ಅಡ್ವಾನ್ಸಿನ ಚಿಂತೆ. ಅಮ್ಮ ಕೇಳಿದ್ದು ಒಂದೇ: "ಹಾಗಾದರೆ ಹೂವು?" ಮರುವಾರ ಆ ಹಿರಿಯರು ಮತ್ತೆ ಬಂದಾಗ ಅಮ್ಮ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಪಾತಿ ತೋರಿಸಿ, ಕನ್ನಡದಲ್ಲೇ ಏನೇನೋ ಹೇಳಿದರು. ಅವರು ಪಂಜಾಬಿ ಬೆರೆತ ಹಿಂದಿಯಲ್ಲಿ ಏನೋ ಉತ್ತರಿಸಿದರು. ಕೊನೆಗೆ ನನ್ನ ಕಡೆ ತಿರುಗಿ, "ಬೇಟಿ, ಮಾರ್ಚ್ ಕೊನೆವರೆಗೆ ಇರಿ" ಅಂದರು. ಬಿಲ್ಡರ್‌ನ ನಕ್ಷೆಗೆ ಮಂಜೂರಾತಿ ಬಂದಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಅಮ್ಮನಿಗೆ ಅದನ್ನು ಹೇಳಲಿಲ್ಲ.

ಫೆಬ್ರವರಿ ಎರಡನೇ ವಾರ ಮೊದಲ ಹೂವು. ಮೊಗ್ಗು ಮೊದಲು ನಾಚಿದವರಂತೆ ತಲೆ ತಗ್ಗಿಸಿರುತ್ತದೆ. ಅರಳುವ ಹೊತ್ತಿಗೆ ಕತ್ತು ನೇರವಾಗುತ್ತದೆ, ರೋಮದ ಎರಡು ಹೊದಿಕೆ ಕಳಚಿ ಬೀಳುತ್ತವೆ, ಒಳಗಿನಿಂದ ಮಡಿಚಿಟ್ಟ ಎಸಳು ಬಿಚ್ಚಿಕೊಳ್ಳುತ್ತದೆ. ಒಂದು ಹೂವಿನ ಆಯುಸ್ಸು ಒಂದೆರಡು ದಿನ, ಅಷ್ಟರಲ್ಲಿ ಪಕ್ಕದಲ್ಲಿ ಇನ್ನು ನಾಲ್ಕು ಮೊಗ್ಗು. ಅಮ್ಮ ದೇವರಿಗೆಂದು ಒಂದನ್ನು ಕಿತ್ತರು. ದೀಪ ಹಚ್ಚುವುದರೊಳಗೆ ಎಸಳು ಉದುರಿತ್ತು. ಮತ್ತೆ ಕೀಳಲಿಲ್ಲ.

ಅದೇ ತಿಂಗಳು ಮೇವಾಡ ಎಕ್ಸ್‌ಪ್ರೆಸ್ ಹತ್ತಿ ಚಿತ್ತೋರಗಢದ ಕೋಟೆ ನೋಡಲು ಹೋದೆವು. ಊರಾಚೆ ರಸ್ತೆಗೆ ತಾಗಿಯೇ ನಿಜವಾದ ಗಸಗಸೆ ಹೊಲ, ಎದೆಯೆತ್ತರ, ಪೂರ್ತಿ ಬಿಳಿ ಹೂವು. ಗಿಳಿ ಬರದಿರಲೆಂದು ಮೇಲೆ ಬಲೆ. ರಾಜಸ್ಥಾನ, ಮಧ್ಯಪ್ರದೇಶ, ಉತ್ತರಪ್ರದೇಶದ ಗೊತ್ತಾದ ಜಿಲ್ಲೆಗಳಲ್ಲಿ ಮಾತ್ರ ಕೇಂದ್ರ ಸರ್ಕಾರ ಇದಕ್ಕೆ ಪರವಾನಗಿ ಕೊಡುತ್ತದೆ. ಮಧ್ಯಾಹ್ನ ಹಸಿ ಕಾಯಿಗೆ ಗೀರು ಹಾಕಿ, ಒಸರಿದ ಹಾಲನ್ನು ಮರುದಿನ ಬೆಳಿಗ್ಗೆ ಕೆರೆದು, ತೂಕ ಮಾಡಿ ಸರ್ಕಾರಕ್ಕೇ ಒಪ್ಪಿಸಬೇಕು. ಔಷಧಿ ತಯಾರಿಸುವ ಕಾರ್ಖಾನೆ ಅಲ್ಲೇ ಹತ್ತಿರದ ನೀಮಚ್‌ನಲ್ಲಿದೆ. ಅದೇ ಕಾಯಿ ಒಣಗಿದ ಮೇಲೆ ಒಳಗಿನ ಬೀಜ ಅಂಗಡಿಗೆ ಬರುತ್ತದೆ. ಅಮ್ಮ ಕಾರಿನ ಕಿಟಕಿಯಿಂದ ಕೈಮುಗಿದರು. ಪಾಯಸಕ್ಕೋ ಪೊಲೀಸರಿಗೋ ಕೇಳಲಿಲ್ಲ.

ಮಾರ್ಚ್ ಕೊನೆಯ ವಾರ ಒಂದು ಕಡೆ ಡಬ್ಬ ಕಟ್ಟುವುದು, ಇನ್ನೊಂದು ಕಡೆ ಕಾಯಿ ಕೊಯ್ಯುವುದು. ಒಣಗಿದ ಕಾಯಿಗೆ ಮುಚ್ಚಳದ ಕೆಳಗೆ ಸುತ್ತ ಸಣ್ಣ ತೂತು, ಮೆಣಸಿನ ಪುಡಿಯ ಡಬ್ಬಿಯ ಹಾಗೆ. ಬಗ್ಗಿಸಿ ಅಲ್ಲಾಡಿಸಿದರೆ ಬೀಜ ಉದುರುತ್ತದೆ. ಮುಷ್ಟಿಯಷ್ಟಾಯಿತು. ಅರ್ಧ ನನಗೆ, ಅರ್ಧ ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಅಮ್ಮನ ಬ್ಯಾಗಿಗೆ. ನಮಗೆ ಸಿಕ್ಕಿದ್ದು ದ್ವಾರಕಾದಲ್ಲಿ ಮೂರನೇ ಮಹಡಿ, ಲಿಫ್ಟಿಲ್ಲ. "ನನ್ನನ್ನು ಅಷ್ಟು ಮೇಲೆ ಹತ್ತಿಸಬೇಡ, ಊರಿಗೆ ಕಳಿಸು" ಅಂದರು. ನಾನು ಎರಡು ದಿನ ವಾದಿಸಿದೆ. ಮೂರನೇ ದಿನ ಟಿಕೆಟ್ ಮಾಡಿಸಿದೆ.

ಅಕ್ಟೋಬರಿನಲ್ಲಿ ಬಾಲ್ಕನಿಯಲ್ಲಿ ಒಂದಡಿ ಆಳದ ಕುಂಡಗಳಿಗೇ ನೇರವಾಗಿ ಬಿತ್ತಿದೆ. ಹಿತ್ತಲಲ್ಲಿದ್ದಷ್ಟು ಎತ್ತರ ಬರಲಿಲ್ಲ, ಆದರೂ ಆರು ಗಿಡ ನಿಂತವು. ನವೆಂಬರಿನ ಒಂದು ಬೆಳಿಗ್ಗೆ ಅಮ್ಮನ ಫೋನು. ಊರ ಹಿತ್ತಲಲ್ಲಿ ಬಿತ್ತಿದ್ದು ಮೊಳೆತು ನಾಲ್ಕೆಲೆ ಬಂದಿದೆಯಂತೆ. ಪಕ್ಕದ ಮನೆಯವರು ಬಂದು ಏನು ಗಿಡ ಎಂದು ಕೇಳಿದರಂತೆ.

"ಬೆಳಕಲ್ಲಿ ಎತ್ತಿ, ಬೆರಳಲ್ಲಿ ಸವರಿ ನೋಡಿದೆ ಕಣೇ" ಅಂದರು. "ರೋಮ ಇದೆ."