ಬತ್ತಿದ ಬಾಯಿಗೆ ವಿದ್ಯುತ್ತಿನ ನೆರವು

ಮೇಲುಕೋಟೆಯ ಪುಳಿಯೋಗರೆಯ ಹೆಸರು ಕೇಳಿದೊಡನೆ ಬಾಯಲ್ಲಿ ನೀರೂರದವರು ವಿರಳ. ಹುಣಿಸೆಯ ನೆನಪೊಂದೇ ಸಾಕು, ನಾಲಗೆಯ ಅಡಿಯಲ್ಲಿ ರಸವು ಒಸರತೊಡಗುತ್ತದೆ. ಆರೋಗ್ಯವಂತರ ಬಾಯಲ್ಲಿ ದಿನವೊಂದಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಸ್ರವಿಸುವುದೆಂದು ವೈದ್ಯರು ಹೇಳುತ್ತಾರೆ. ಸದ್ದಿಲ್ಲದೆ ನಡೆದಿರುವ ಈ ದಾಸೋಹವನ್ನು ನಾವಾರೂ ಗಮನಿಸುವುದಿಲ್ಲ.

ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನವರು ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಮನೆಗೆ ಮರಳಿದರು. ರೋಗವು ತೊಲಗಿತು, ಬಾಯಿ ಬತ್ತಿತು. ಮಂಡ್ಯ ಸೀಮೆಯವರು ರಾಗಿಮುದ್ದೆಯನ್ನು ಅಗಿಯುವವರಲ್ಲ, ಸಾರಿನಲ್ಲಿ ಅದ್ದಿ ನುಂಗುವವರು. ಅವರಿಗೆ ಆ ತುತ್ತೇ ಇಳಿಯದಾಯಿತು. ಎಡೆಯಲ್ಲಿ ಪ್ರಸಾದವನ್ನು ಬಿಡಲಾಗದೆಂದು ನಮಗೆಲ್ಲ ಬಾಲ್ಯದಲ್ಲಿ ಕಲಿಸಿದವರು ಅವರು. ಈಗ ತಮ್ಮ ಎಡೆಯಲ್ಲಿಯೇ ಉಳಿಯುತ್ತಿದೆಯೆಂಬ ಸಂಕೋಚದಿಂದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದನ್ನೇ ಬಿಟ್ಟರು. ರಾತ್ರಿ ನಾಲ್ಕು ಬಾರಿ ಎದ್ದು ನೀರು ಕುಡಿಯುವರು. ಹಲ್ಲುಗಳು ಹುಳುಕಾದವು. "ಬದುಕಿದ್ದೇನಲ್ಲ" ಎಂದು ಸುಮ್ಮನಾಗುವರು.

ಮೈಸೂರಿನ ವೈದ್ಯರೊಬ್ಬರು ವಿದ್ಯುತ್ ಸ್ಪಂದನದ ಚಿಕಿತ್ಸೆಯನ್ನು ಸೂಚಿಸಿದಾಗ ಮನೆಯ ಹಿರಿಯರು ಬೆದರಿದ್ದು ಸಹಜ. ಆದರೆ ಇದು ಹೊಸ ವಿಚಾರವಲ್ಲ. ಹುಳಿ ತಾಗಿದ ಸುದ್ದಿ ನಾಲಗೆಯಿಂದ ಮಿದುಳಿಗೆ, ಅಲ್ಲಿಂದ ಅಪ್ಪಣೆಯು ಲಾಲಾಗ್ರಂಥಿಗೆ ನರಗಳ ಮೂಲಕವೇ ಹರಿಯುತ್ತದೆ. ಆ ನರವನ್ನು ವಿದ್ಯುತ್ತಿನಿಂದ ಕೆಣಕಿದರೂ ರಸ ಸುರಿಯುವುದೆಂದು ಜರ್ಮನಿಯ ಕಾರ್ಲ್ ಲುಡ್ವಿಗ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ತೋರಿಸಿದ್ದರು. ಹುಣಿಸೆಯ ಕೆಲಸವನ್ನು ವಿದ್ಯುತ್ತು ಮಾಡುತ್ತದೆ, ಅಷ್ಟೆ! ಬೆನ್ನುನೋವು, ಮಂಡಿನೋವುಗಳಿಗೆ ಬಳಸುವ 'ಟೆನ್ಸ್' ಯಂತ್ರವೇ ಇಲ್ಲಿಯೂ ಸಾಕು. ಕಿವಿಯ ಮುಂದೆ, ಪೆರೋಟಿಡ್ ಗ್ರಂಥಿಯ ಮೇಲೆ, ಎರಡೂ ಕೆನ್ನೆಗಳಿಗೆ ಅಂಟುಪಟ್ಟಿಗಳನ್ನಿರಿಸಿ ಮೃದುವಾದ ಪ್ರವಾಹವನ್ನು ಹರಿಸುತ್ತಾರೆ. ಕೆನ್ನೆಯ ಮೇಲೆ ಇರುವೆ ಹರಿದಂತಾಗುತ್ತದೆಂದು ಚಿಕ್ಕಪ್ಪನವರು ನಕ್ಕರು.

2005ರಲ್ಲಿ ಅಮೆರಿಕದಲ್ಲಿ 22 ಮಂದಿ ಆರೋಗ್ಯವಂತರ ಮೇಲೆ ಹೀಗೆ ಪರೀಕ್ಷಿಸಿದಾಗ 15 ಮಂದಿಯಲ್ಲಿ ರಸದ ಹರಿವು ಹೆಚ್ಚಿತು. ನಮ್ಮ ದೇಶದ ದಂತವೈದ್ಯ ಕಾಲೇಜುಗಳಲ್ಲಿಯೂ ಇಂತಹ ಪ್ರಯೋಗಗಳು ನಡೆದಿವೆ. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ವಿಕಿರಣಕ್ಕೊಳಗಾದ 148 ರೋಗಿಗಳಿದ್ದರು. ಅಲ್ಲಿ ಪಟ್ಟಿಗಳನ್ನು ಇರಿಸಿದ್ದು ಕೆನ್ನೆಗಲ್ಲ. ಗದ್ದ, ಕೈ, ಕಾಲುಗಳ ಆಕ್ಯುಪಂಕ್ಚರ್ ಬಿಂದುಗಳಿಗೆ. 12 ವಾರಗಳಲ್ಲಿ 24 ಬಾರಿ ಚಿಕಿತ್ಸೆ. ಪೈಲೋಕಾರ್ಪಿನ್ ಮಾತ್ರೆಗಿಂತ ಇದು ಮೇಲೆಂದು ಸಿದ್ಧವಾಗಲಿಲ್ಲ. ಆದರೆ ಬೆವರುವಿಕೆಯೇ ಮೊದಲಾದ ಆ ಮಾತ್ರೆಯ ಉಪದ್ರವಗಳು ಇಲ್ಲಿ ಬಹಳ ಕಡಿಮೆಯಿದ್ದವು. ವಯಸ್ಸಾದವರಿಗೆ ಇದೇನು ಸಣ್ಣ ಲಾಭವಲ್ಲವೆಂದು ನಮ್ಮ ಎಣಿಕೆ.

ಯಂತ್ರವು ಸತ್ತ ಗ್ರಂಥಿಯನ್ನು ಎಬ್ಬಿಸಲಾರದು. ವಿಕಿರಣದಿಂದ ಅಳಿದುಳಿದ ಜೀವಕೋಶಗಳಿದ್ದರೆ ಅವನ್ನು ದುಡಿಸಬಲ್ಲದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ, ಗರ್ಭಿಣಿಯರಿಗೆ, ಗಡ್ಡೆ ಇನ್ನೂ ಉಳಿದಿರುವ ಜಾಗಕ್ಕೆ ಇದು ಸಲ್ಲದು. ಪೇಟೆಯಲ್ಲಿ ಯಂತ್ರ ಸುಲಭವಾಗಿ ದೊರೆಯುತ್ತದೆಂದು ಕೊಂಡುತಂದು, ವೈದ್ಯರನ್ನು ಕೇಳದೆ ಕೊರಳ ಮುಂಭಾಗಕ್ಕೆ ಹಚ್ಚಿಕೊಳ್ಳುವ ಸಾಹಸವಂತೂ ಬೇಡವೇ ಬೇಡ.

ಚಿಕ್ಕಪ್ಪನವರು ವಾರಕ್ಕೆರಡು ಬಾರಿಯಂತೆ ಮೂರು ತಿಂಗಳು ಮೈಸೂರಿಗೆ ಹೋಗಿಬಂದರು. ಹಿಂದಿನ ಬಾಯಿ ಮರಳಿ ಬರಲಿಲ್ಲ. ರಾತ್ರಿ ಏಳುವುದು ಈಗ ಒಂದೆರಡು ಸಲ ಮಾತ್ರ. ಮುದ್ದೆಯನ್ನು ಸಣ್ಣಗೆ ಮುರಿದು, ಸಾರು ಹೆಚ್ಚಿಗೆ ಬಡಿಸಿಕೊಂಡು, ಪಂಕ್ತಿಯ ಕೊನೆಯಲ್ಲಿ ಕುಳಿತು ಎಲ್ಲರಿಗಿಂತ ತಡವಾಗಿ ಏಳುತ್ತಾರೆ.